ಮೇಲಿನ ಮಂಚ
ಸಂಜೆ ಹಂಪನಕಟ್ಟೆಯಲ್ಲಿ ಗೋಳಿಬಜೆ ತಿನ್ನುವಾಗ ಅಕ್ಕನ ಮಗ ಫೋನ್ ತೋರಿಸಿದ. ದುಬೈ ಕೆಲಸ. ತಿಂಗಳಿಗೆ 4,000 ದಿರ್ಹಮ್.

"ಮಾವ, ರೂಪಾಯಿಯಲ್ಲಿ ಎಷ್ಟಾಯ್ತು ನೋಡಿ!"

ರೂಮು ಯಾರು ಕೊಡ್ತಾರೆ ಅಂತ ಕೇಳಿದೆ. ಕಂಪನಿ ಕೊಡುವುದಿಲ್ಲವಂತೆ.

ಅಲ್ಲಿ ಬಾಡಿಗೆ ಮಾತಾಡುವುದು ವರ್ಷದ ಲೆಕ್ಕದಲ್ಲಿ ಮಾರಾಯ. ಒಂದೋ ನಾಲ್ಕೋ ಚೆಕ್ ಮುಂಚೆಯೇ ಬರೆದುಕೊಡಬೇಕು. ಸಂಬಳಕ್ಕೆ ತೆರಿಗೆ ಇಲ್ಲ, ಸರಿ. ಆ ಉಳಿದದ್ದೆಲ್ಲ ಮನೆ ಮಾಲೀಕನ ಕಿಸೆಗೆ.

ಅದಕ್ಕೇ ದುಬೈಯ ದೇರಾ ಏರಿಯಾದಲ್ಲಿ 'ಬೆಡ್ ಸ್ಪೇಸ್' ಅಂತ ಒಂದುಂಟು. ಮನೆಯಲ್ಲ, ರೂಮಲ್ಲ, ಬರೀ ಮಂಚ. ನಾನು ಎರಡು ವರ್ಷ ಮೇಲಿನ ಮಂಚದಲ್ಲಿದ್ದೆ. ಎದ್ದು ಕೂತರೆ ತಲೆ ಸೀಲಿಂಗಿಗೆ ಬಡಿಯುತ್ತಿತ್ತು. ಆಗ ಕದ್ರಿಯ ನಮ್ಮ ಮನೆಗೆ ಬೀಗ.

ಹುಡುಗ ಮತ್ತೆ ಕ್ಯಾಲ್ಕುಲೇಟರ್ ತೆಗೆದ. ಈ ಸಲ ದಿರ್ಹಮಿನಲ್ಲೇ ಕಳೆಯುತ್ತಿದ್ದ.

ಗೋಳಿಬಜೆ ತಣಿದು ಹೋಯ್ತು.