ದಕ್ಕೆಯಿಂದ ಶಾಲೆಗೆ ಬಂದವರು

ಮಂಗಳೂರಿನ ಹಳೆ ಬಂದರಿನಿಂದ ನಮ್ಮ ಶಾಲೆಗೆ ನಡೆದೇ ಬರುತ್ತಿದ್ದ ಮಕ್ಕಳು ತುಂಬಾ ಮಂದಿ ಇದ್ದೆವು. ಬೆಂಗರೆಯವರು ದೋಣಿಯಲ್ಲಿ ಗುರುಪುರ ನದಿ ದಾಟಿ ಬರುತ್ತಿದ್ದರು. ಕ್ಲಾಸಿನಲ್ಲಿ ತುಳು, ಬ್ಯಾರಿ, ಕೊಂಕಣಿ ಎಲ್ಲಾ ಕೇಳುತ್ತಿತ್ತು, ಜಗಳ ಮಾತ್ರ ತುಳುವಿನಲ್ಲೇ.

ಎಂಟನೇ ಕ್ಲಾಸಿನಲ್ಲಿ ಸಮಾಜ ಟೀಚರ್ ಒಂದು ಕೆಲಸ ಕೊಟ್ಟರು. ನಿಮ್ಮ ಅಜ್ಜ ಅಜ್ಜಿ ಏನು ಕೆಲಸ ಮಾಡುತ್ತಿದ್ದರು, ಕೇಳಿ ಬರೆದುಕೊಂಡು ಬನ್ನಿ ಅಂದರು. ಅಷ್ಟೇ. ಮೊರಾಕೊದ ಪ್ರವಾಸಿ ಇಬನ್ ಬತೂತ 1342ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದ ಅಂತ ಅವರೇ ಹಿಂದಿನ ವಾರ ಹೇಳಿದ್ದರು. ಅವನ ಕಾಲದ ಬಂದರಿಗೂ ನಮ್ಮ ಮನೆಗೂ ಸಂಬಂಧ ಇದೆ ಅಂತ ನಮಗೆ ಹೊಳೆದೇ ಇರಲಿಲ್ಲ.

ನನ್ನ ಅಜ್ಜ ದಕ್ಕೆಯಲ್ಲಿ, ಅಂದರೆ ದೋಣಿಗೆ ಸರಕು ಹತ್ತಿಸಿ ಇಳಿಸುವ ಕಟ್ಟೆಯಲ್ಲಿ, ಹಮಾಲಿ. ಹಂಚು ಹೊರುತ್ತಿದ್ದರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನದಿಯುದ್ದಕ್ಕೂ ಇನ್ನಷ್ಟು ಕಾರ್ಖಾನೆಗಳು ಬಂದವು, ಯಾಕೆಂದರೆ ಜೇಡಿಮಣ್ಣು ನದಿಯ ಆಸುಪಾಸಿನಲ್ಲೇ ಸಿಗುತ್ತಿತ್ತು, ಸುಟ್ಟ ಹಂಚನ್ನು ಕಳಿಸಲಿಕ್ಕೂ ಅದೇ ನದಿ. ಸಿಲೋನಿಗೆ, ಪೂರ್ವ ಆಫ್ರಿಕಾಕ್ಕೆ ಹೋದವು ಆ ಹಂಚುಗಳು. ನದಿ ಸಮುದ್ರಕ್ಕೆ ಸೇರುವ ಅಳಿವೆ ಬಾಗಿಲಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರಲು ಆಗುತ್ತಿರಲಿಲ್ಲ, ಅದು ಹೊರಗೆ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ದಕ್ಕೆಯಲ್ಲಿ ಕೈಯಿಂದ ಕೈಗೆ ದಾಟಿಸಿ ದೋಣಿ ತುಂಬಿಸಬೇಕು, ಅಲ್ಲಿ ಹೋಗಿ ಮತ್ತೆ ಹಡಗಿಗೆ ಏರಿಸಬೇಕು. ಹಂಚು ಒಡೆದರೆ ಕೂಲಿಯಲ್ಲಿ ಕಡಿತ ಅಂತ ಅಜ್ಜ ಹೇಳುತ್ತಿದ್ದರು. ಅವರ ಬೆರಳ ತುದಿಗಳು ಕೊನೆತನಕ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಬ್ಯಾರಿ ಗೆಳೆಯ ಬರೆದದ್ದು ಇನ್ನೂ ಚೆನ್ನಾಗಿತ್ತು. ಅವನ ಅಜ್ಜ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಮರದ ಹಡಗಿನಲ್ಲಿ, ಲಕ್ಷದ್ವೀಪಕ್ಕೆ ಹೋಗಿ ಬರುತ್ತಿದ್ದವರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಇವೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಬ್ರಿಟಿಷರ ಕಾಲದಲ್ಲಿ ದ್ವೀಪದವರ ತೆಂಗಿನ ನಾರಿನ ಹುರಿಹಗ್ಗವನ್ನು ಸರ್ಕಾರವೇ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. ದ್ವೀಪದವರು ಬಂದರಿಗೆ ಬಂದಾಗ ಅವನ ಮನೆಯಲ್ಲೇ ಉಳಿಯುತ್ತಿದ್ದರಂತೆ. ಇದು ನಮ್ಮ ಪಠ್ಯದಲ್ಲಿ ಒಂದು ಸಾಲೂ ಇರಲಿಲ್ಲ. ಟೀಚರ್ ಅದನ್ನು ಗಟ್ಟಿಯಾಗಿ ಓದಿಸಿದರು, ಇಡೀ ಕ್ಲಾಸು ಸುಮ್ನೆ ಕೂತು ಕೇಳಿತು.

ಪಣಂಬೂರಿನಲ್ಲಿ ಹೊಸ ಬಂದರು ಬಂದ ಮೇಲೆ, ಅಂದರೆ 1974ರ ನಂತರ, ದೊಡ್ಡ ಸರಕೆಲ್ಲ ಆ ಕಡೆ ಹೋಯಿತು. ಹಂಚಿನ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು. ನನ್ನ ಅಪ್ಪ ದಕ್ಕೆ ಬಿಟ್ಟು ಲಾರಿಗೆ ಹೋದರು, ನಾನು ಊರೇ ಬಿಟ್ಟೆ. ಆದರೂ ಹಳೆ ದಕ್ಕೆಯಲ್ಲಿ ಮೀನಿನ ಬೋಟುಗಳಿವೆ, ದ್ವೀಪಕ್ಕೆ ಸಿಮೆಂಟು, ತರಕಾರಿ ಹೊತ್ತು ಮಂಜಿಗಳು ಈಗಲೂ ಹೋಗುತ್ತವೆ. ಹಾಗಾಗಿ ಹಳೆ ಬಂದರು ಸತ್ತುಹೋಯಿತು ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ.

ಊರಿನ ಇತಿಹಾಸ ಅಂದರೆ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಸುಲ್ತಾನ್ ಬತ್ತೇರಿ ತೋರಿಸಿ ಮುಗಿಸುವವರೇ ಜಾಸ್ತಿ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಹಂಚು ಹೊತ್ತವರು, ಹಗ್ಗ ಸುತ್ತಿದವರು, ಬೆಂಗರೆಯಲ್ಲಿ ದೋಣಿ ಕಟ್ಟಿದವರು, ಇವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಅದು ಅವರ ಮನೆಯವರ ಬಾಯಲ್ಲಿ ಮಾತ್ರ ಇದೆ. ನನ್ನ ಅಜ್ಜ ತೀರಿಕೊಂಡರು, ಗೆಳೆಯನ ಅಜ್ಜನೂ ಇಲ್ಲ. ಅವರ ಜೊತೆ ದುಡಿದ ಕೆಲವರು ಇನ್ನೂ ಇದ್ದಾರೆ.

ಮಳೆಗಾಲದಲ್ಲಿ ಮಂಜಿಗಳು ಹೊರಡುವುದಿಲ್ಲ, ಅವರಿಗೆ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಈ ಸಲ ಜುಲೈಯಲ್ಲಿ ನಾನು ಊರಿಗೆ ಬರುತ್ತಿದ್ದೇನೆ. ಮನೆ ಮನೆಗೆ ಹೋಗಿ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡೋಣ ಅಂತ ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ. ಬ್ಯಾರಿ ಭಾಷೆ ಚೆನ್ನಾಗಿ ಬರುವ ಈಗಿನ ಮಕ್ಕಳು ಯಾರಾದರೂ ಜೊತೆಗೆ ಬರುವುದಾದರೆ ಶಾಲೆಯ ಆಫೀಸಿನಲ್ಲಿ ಹೆಸರು ಕೊಟ್ಟಿರಿ.