ಎಲೆ ಉದುರಿಸಿದ ಗಡ್ಡೆ

9 ಫೆಬ್ರವರಿ 2025, ಭಾನುವಾರ

ನನ್ನ ಅಕ್ವೇರಿಯಂನ ಉಲ್ವೇಸಿಯಸ್ ಗಿಡದ ಕೊನೆಯ ಎಲೆ ಇವತ್ತು ಬುಡದಿಂದ ಕಳಚಿ ಫಿಲ್ಟರಿನ ಬಾಯಿಗೆ ಅಂಟಿಕೊಂಡಿತ್ತು. ಮಡಗಾಸ್ಕರ್ ಮೂಲದ ಅಪೊನೊಜೆಟಾನ್ ಇದು, ಗಡ್ಡೆಯಿಂದ ಚಿಗುರುವ ನೀರುಗಿಡ. ಹೂದಂಟು ನೀರಿನ ಮೇಲಕ್ಕೆ ಬಂದ ಮೇಲೆ ಹೊಸ ಎಲೆ ಬರುವುದೇ ನಿಂತುಹೋಯಿತು. ಹಳೆಯ ಎಲೆಗಳು ಮೊದಲು ಹಳದಿಯಾದವು, ಆಮೇಲೆ ತೆಳ್ಳಗೆ ಪಾರದರ್ಶಕವಾಗಿ ಬರೀ ನರ ಉಳಿದವು. ನೋಡಿದವರು ಗೊಬ್ಬರ ಹಾಕು, ಲೈಟ್ ಜಾಸ್ತಿ ಮಾಡು ಎನ್ನುತ್ತಾರೆ. ಎರಡೂ ಬೇಡ. ಎಲೆಯೇ ಇಲ್ಲದ ಗಿಡಕ್ಕೆ ಹಾಕಿದ ಗೊಬ್ಬರವನ್ನು ಪಾಚಿ ತಿನ್ನುತ್ತದೆ, ಅಷ್ಟೇ.

ತೋಳು ಮಡಚಿ ಕೈ ಇಳಿಸಿ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿಯಾಗಿದೆ. ಸಿಪ್ಪೆ ಒರಟು, ನೆತ್ತಿಯಲ್ಲಿ ಹಳೆಯ ತೊಟ್ಟುಗಳ ಕಂದು ಗುರುತು. ಅಂದರೆ ಮಲಗಿದೆ, ಸತ್ತಿಲ್ಲ. ಸತ್ತ ಗಡ್ಡೆ ಬೆರಳಿಗೆ ಪಿಚಕ್ಕನೆ ಒಳಗೆ ಹೋಗುತ್ತದೆ, ಮೂಗಿನ ಹತ್ತಿರ ತಂದರೆ ಸಹಿಸಲಾಗದ ವಾಸನೆ. ಅಂಥದ್ದನ್ನು ಒಂದು ದಿನವೂ ಒಳಗೆ ಬಿಡಬಾರದು, ಕೊಳೆತು ಅಮೋನಿಯಾ ಏರಿಸುತ್ತದೆ, ಮೀನುಗಳಿಗೆ ಆಪತ್ತು. ಹೊಸ ಗಡ್ಡೆಯ ಮೇಲೆ ಬೂಸ್ಟಿನಂಥ ಬಿಳಿ ನೂಲು ಕಂಡರೆ ಮಾತ್ರ ಗಾಬರಿ ಬೇಡ. ತೊಳೆದು ಒತ್ತಿ ನೋಡಿ, ಗಟ್ಟಿ ಇದ್ದರೆ ವಾಪಸ್ ಇಡಿ.

ಬೇಸಿಗೆಯಲ್ಲಿ ಹೊಂಡ ಬತ್ತಿದರೂ ಕೆಸರಿನೊಳಗೆ ಉಳಿದುಕೊಳ್ಳಬೇಕೆಂದೇ ಇಂಥ ಗಿಡಗಳು ಗಡ್ಡೆಯಲ್ಲಿ ಪಿಷ್ಟ ಕೂಡಿಡುತ್ತವೆ. ನಮ್ಮ ಟ್ಯಾಂಕಿನಲ್ಲಿ ನೀರು ಬತ್ತುವುದಿಲ್ಲ, ಹೀಟರ್ ಆರುವುದಿಲ್ಲ. ಆದರೂ ಉಲ್ವೇಸಿಯಸ್ ತನ್ನ ಲೆಕ್ಕದ ಪ್ರಕಾರ ಮಲಗುತ್ತದೆ. ಶ್ರೀಲಂಕಾ, ದಕ್ಷಿಣ ಭಾರತದ ಕಡೆಯ ಇನ್ನೊಂದು ಅಪೊನೊಜೆಟಾನ್ ಆದ ಕ್ರಿಸ್ಪಸ್‌ಗೆ ಈ ಹಠ ಅಷ್ಟಿಲ್ಲ, ವರ್ಷವಿಡೀ ಎಲೆ ಬಿಡುವುದೂ ಉಂಟು. ಕೆಲವರು ಮಲಗಿದ ಗಡ್ಡೆಯನ್ನು ಕಿತ್ತು, ಒದ್ದೆ ಮರಳಿನಲ್ಲಿ ತಂಪು ಜಾಗದಲ್ಲಿ ಒಂದೆರಡು ತಿಂಗಳು ಇಡುತ್ತಾರೆ. ನನಗೆ ಅದು ಅತಿ ಆರೈಕೆ ಅನಿಸುತ್ತದೆ. ಗಟ್ಟಿ ಗಡ್ಡೆ ಇದ್ದಲ್ಲೇ ಇರಲಿ.

ಟೈಗರ್ ಲೋಟಸ್‌ನದು ಬೇರೆಯೇ ಸ್ವಭಾವ. ಪಶ್ಚಿಮ ಆಫ್ರಿಕಾದ ಈ ನೈದಿಲೆ ಚೆನ್ನಾಗಿ ಬೆಳೆದರೇ ತಲೆನೋವು. ನೀರೊಳಗಿನ ಕೆಂಪು ಎಲೆಗಳನ್ನು ಬಿಟ್ಟು ಮೇಲಕ್ಕೆ ತೇಲುವ ಎಲೆ ಕಳಿಸಲು ಶುರುಮಾಡುತ್ತದೆ. ಬಿಟ್ಟರೆ ಕೆಳಗಿನ ಗಿಡಗಳಿಗೆ ಬೆಳಕೇ ಸಿಗುವುದಿಲ್ಲ. ಇವತ್ತೂ ಮೇಲೇರುತ್ತಿದ್ದ ಎರಡು ತೊಟ್ಟುಗಳನ್ನು ಬುಡದ ಹತ್ತಿರ ಕತ್ತರಿಸಿದೆ. ಹೂ ಬೇಕಾದವರು ಕತ್ತರಿಸಬೇಡಿ, ತೇಲೆಲೆ ಬಿಟ್ಟ ಮೇಲೆಯೇ ಅದು ಹೂವಿನ ಯೋಚನೆ ಮಾಡುವುದು. ಪಕ್ಕದಲ್ಲಿ ಬೇರುಬಿಟ್ಟ ಒಂದು ಮರಿಯನ್ನು ಗಡ್ಡೆಯಿಂದ ಮೆಲ್ಲಗೆ ಚಿವುಟಿ ಬೇರೆ ನೆಟ್ಟೆ. ಅಮ್ಮ ಗಡ್ಡೆಗೆ ಇನ್ನೊಂದು ಮರಿ ಹಾಕುವಷ್ಟು ಶಕ್ತಿ ಇದೆ.

ನೆಡುವುದರ ಬಗ್ಗೆ ಕೇಳುವವರಿಗೆ ಒಂದೇ ಮಾತು: ಹೂಳಬೇಡಿ. ಅರ್ಧದಷ್ಟು ಗಡ್ಡೆ ಜಲ್ಲಿಯ ಮೇಲೆ ಕಾಣಬೇಕು. ಒಣ ಗಡ್ಡೆ ತೇಲುತ್ತದೆ. ನೀರು ಕುಡಿದು ತಾನೇ ಮುಳುಗುವವರೆಗೆ ತೇಲಲಿ, ಆಮೇಲೆ ನೆಡಿ. ಯಾವ ಕಡೆ ಮೇಲೆ ಎಂದು ಗೊತ್ತಾಗದಿದ್ದರೆ ಅಡ್ಡ ಮಲಗಿಸಿ, ಚಿಗುರು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಕ್ರೈನಮ್ ಎಂಬ ನೀರುಗಿಡದ್ದು ಮಾತ್ರ ಈರುಳ್ಳಿಯ ಹಾಗೆ ಪದರಪದರದ ಗಡ್ಡೆ, ಅದರ ಕುತ್ತಿಗೆ ಮೇಲಿರಬೇಕು. ನೆಟ್ಟ ಮೇಲೆ ಜಾಗ ಬದಲಿಸಿದರೆ ತಿಂಗಳುಗಟ್ಟಲೆ ಮುನಿಸಿಕೊಂಡು ಕೂರುತ್ತದೆ, ಅದಕ್ಕೇ ನನ್ನದರ ಹತ್ತಿರಕ್ಕೂ ನಾನು ಹೋಗುವುದಿಲ್ಲ.

ಉಲ್ವೇಸಿಯಸ್ ಇರುವ ಜಾಗಕ್ಕೆ ಒಂದು ಬಿಳಿ ಕಲ್ಲು ಗುರುತಿಟ್ಟಿದ್ದೇನೆ. ಇಲ್ಲದಿದ್ದರೆ ಸೈಫನ್ ಹಾಕುವಾಗ ಗಡ್ಡೆಯೂ ಕೊಳೆಯ ಜೊತೆ ಎದ್ದುಬರುತ್ತದೆ. ರೂಟ್ ಟ್ಯಾಬ್, ಅಂದರೆ ಬೇರಿನ ಹತ್ತಿರ ಹೂಳುವ ಗೊಬ್ಬರದ ಗುಳಿಗೆ, ಕೊಡುವುದು ಚಿಗುರು ಬೆರಳುದ್ದ ಬಂದ ಮೇಲೆಯೇ.