ಟೈಲ್ಸ್‌ಗಿಂತ ಮೊದಲು ವೈರಿಂಗ್

ಅಡುಗೆಮನೆ ಹೊಸದು ಮಾಡಿಸುವವರು ಟೈಲ್ಸ್ ಹಾಕೋ ಮುಂಚೆಯೇ ಪ್ರತಿ ಉಪಕರಣದ ವ್ಯಾಟ್ ನೋಡಿ, ಸಪ್ಲೈ ವೋಲ್ಟೇಜಿಂದ ಭಾಗಿಸಿ; ಅದು ಎಳೆಯೋ ಕರೆಂಟ್ ಆಂಪ್‌ನಲ್ಲಿ ಸಿಗುತ್ತೆ. 230 ವೋಲ್ಟ್‌ನಲ್ಲಿ 3500 ವ್ಯಾಟ್ ಓವನ್ 15 ಆಂಪ್ ದಾಟುತ್ತೆ: 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್). 7200 ವ್ಯಾಟ್ ಇಂಡಕ್ಷನ್ ಹಾಬ್‌ಗೆ (ಕಟ್ಟೆಯಲ್ಲಿ ಕೂರಿಸೋ ಕರೆಂಟ್ ಒಲೆ) 6 ಚದರ ಮಿ.ಮೀ. ವೈರು, 32 ಆಂಪ್ ಎಂಸಿಬಿ. ಎರಡಕ್ಕೂ ಬೋರ್ಡಿಂದ ಬೇರೆಬೇರೆ ಲೈನು, ಪ್ಲಗ್ ಬದಲು ಡಿಪಿ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯೋದು). ವೈರು ಹೋಗೋ ಪೈಪಿನ ದಾರಿ ಉದ್ದವಿದ್ದರೆ ವೈರು ಇನ್ನೊಂದು ಸೈಜ್ ದಪ್ಪ ಇರಲಿ.

ಕಣ್ಣಿಗೆ ಬೀಳದ ಕೆಲಸಕ್ಕೇ ಜಾಸ್ತಿ ನಿಗಾ ಬೇಕು ಅನ್ಸುತ್ತೆ. ಟರ್ಮಿನಲ್ ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಆ ಜಾಗ ಕಾದು ಇನ್ಸುಲೇಷನ್ ಕಪ್ಪಾಗುತ್ತೆ. ಕರೆಂಟ್ ಹೆಚ್ಚಾಗಿರಲ್ಲ, ಹಾಗಾಗಿ ಎಂಸಿಬಿ ಟ್ರಿಪ್ ಆಗೋದೇ ಇಲ್ಲ.

ಡಿಶ್‌ವಾಷರ್ ಸಾಕೆಟ್ ಮಾತ್ರ ಅದರ ಹಿಂದೆ ಬೇಡವೇ ಬೇಡ. ಪಕ್ಕದ ಕಪಾಟಲ್ಲಿ, ನೀರಿನ ಪೈಪಿಗಿಂತ ಮೇಲೆ, ಕೈಗೆ ಸಿಗೋ ಹಾಗಿರಲಿ.